ರಸ್ತೆಯ ಕಡೆ ಮುಖ ಮಾಡಿದ ಚಪ್ಪಲಿಗಳು

ಕಳೆದ ವಾರ ಬಾಯ್ಲರ್ ಸರ್ವೀಸ್ ಮಾಡುವವರು ಬಂದಿದ್ದರು. ಇಲ್ಲಿ ಐರ್ಲೆಂಡಿನ ಲೀಕ್ಸ್‌ಲಿಪ್‌ನಲ್ಲಿ ಮನೆಯ ರಿಪೇರಿಗೆ ಬರುವವರು ಶೂ ಬಿಚ್ಚುವುದು ಅಪರೂಪ. ಕೆಲವರು ಜೇಬಿನಿಂದ ನೀಲಿ ಪ್ಲಾಸ್ಟಿಕ್ ಚೀಲ ತೆಗೆದು ಶೂ ಮೇಲೇ ಏರಿಸಿಕೊಂಡು ಬಂದುಬಿಡುತ್ತಾರೆ. ಇವರು ಮಾತ್ರ ಮುಂಬಾಗಿಲ ಪಕ್ಕದ ನಮ್ಮ ಚಪ್ಪಲಿ ಸಾಲನ್ನು ಒಂದು ಸಲ ನೋಡಿದರು. ಏನೂ ಹೇಳಿಸಿಕೊಳ್ಳದೆ ದಪ್ಪನೆಯ ಬೂಟುಗಳನ್ನು ಬಿಚ್ಚಿಟ್ಟು ಕಾಲುಚೀಲದಲ್ಲೇ ಅಡುಗೆಮನೆಗೆ ನಡೆದರು. ಅರವತ್ತು ದಾಟಿದವರು. ಅವರು ಬಾಯ್ಲರಿನ ಮುಚ್ಚಳ ತೆಗೆದು ಕೆಲಸಕ್ಕೆ ಕೂತ ಮೇಲೆ ನಾನು ಹಾಲ್‌ಗೆ ಹೋಗಿ ಆ ಬೂಟುಗಳ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟೆ. ನನಗದು ಈಗ ಅಭ್ಯಾಸವಾಗಿದೆ, ಕೈ ತಾನಾಗಿ ಮಾಡಿಬಿಡುತ್ತದೆ.

ಹೊರಡುವಾಗ ಅವರು ಗೋಡೆ ಹಿಡಿದುಕೊಂಡು ಬೂಟಿನೊಳಗೆ ಹಿಮ್ಮಡಿ ಇಳಿಸಲು ಒದ್ದಾಡುತ್ತಿದ್ದರು. ಬಾಗಿಲ ಹಿಂದಿನ ಕೊಕ್ಕೆಯಲ್ಲಿ ತೂಗುಹಾಕಿದ್ದ ಶೂ ಹಾರ್ನ್ ತೆಗೆದು ಕೊಟ್ಟೆ. ಹಿಮ್ಮಡಿಯನ್ನು ಶೂ ಒಳಕ್ಕೆ ಜಾರಿಸುವ ಪಟ್ಟಿ ಅದು. ಅಂಗಡಿಗಳಲ್ಲಿ ಸಿಗುವುದು ಅಂಗೈಯಷ್ಟುದ್ದ ಇರುತ್ತದೆ. ನಮ್ಮದು ಊರುಗೋಲಿನಷ್ಟುದ್ದ, ಮರದ್ದು. ಹಿಡಿಯುವ ಜಾಗ ಸವೆದು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಅವರು ನಿಂತಲ್ಲೇ ಎರಡೂ ಕಾಲನ್ನು ಸರಕ್ಕನೆ ಇಳಿಸಿಕೊಂಡು, ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಎಲ್ಲಿ ಕೊಂಡಿರಿ ಇದನ್ನ?" ಎಂದು ಕೇಳಿದರು.

"ಕೊಂಡದ್ದಲ್ಲ. ಕೊರಿಯಾದಲ್ಲಿ ಒಬ್ಬರು ಕೊಟ್ಟದ್ದು" ಎಂದೆ.

"ಗ್ರ್ಯಾಂಡ್!" ಎಂದು ಹೇಳಿ ಹೊರಟರು. ನಾನು ಅದನ್ನು ಮತ್ತೆ ಕೊಕ್ಕೆಗೆ ಹಾಕದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದೆ...

ಕೊಟ್ಟವರು ನಮ್ಮ ಕೊರಿಯಾ ಪ್ರವಾಸದ ಗೈಡ್. ಹೆಸರು ಹೇಳುವುದು ಬೇಡ. ನಮ್ಮ ಮನೆಯಲ್ಲಿ ಅವರಿಗೆ ಹೆಸರೂ ಇರಲಿಲ್ಲ. ನಮ್ಮತ್ತೆ ಮೊದಲ ದಿನವೇ ಅವರನ್ನು "ಮೇಷ್ಟ್ರೇ" ಎಂದು ಕರೆದರು, ಅಂದಿನಿಂದ ಎಲ್ಲರಿಗೂ ಅವರು ಮೇಷ್ಟ್ರೇ ಆದರು.

ನಮ್ಮ ಮನೆಯವರು ಇಲ್ಲಿನ ಚಿಪ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ. ಆಫೀಸಿನ ಕೆಲಸದ ಮೇಲೆ ಎರಡು ಮೂರು ಸಲ ಕೊರಿಯಾಕ್ಕೆ ಹೋಗಿ ಬಂದವರು, ಬಂದಾಗೆಲ್ಲ ಅಲ್ಲಿನ ರೈಲು, ರಸ್ತೆ, ಬಚ್ಚಲುಮನೆ ಎಲ್ಲವನ್ನೂ ಹೊಗಳಿ ನಮ್ಮ ತಲೆ ತಿನ್ನುತ್ತಿದ್ದರು. ಮಗಳಿಗೆ ಆಗ ಹದಿನಾಲ್ಕು. ಅವಳ ಕೋಣೆಯ ಗೋಡೆಯ ತುಂಬ ಕೊರಿಯಾದ ಹಾಡುಗಾರರ ಚಿತ್ರಗಳು. ಆ ವರ್ಷ ಅತ್ತೆಯವರೂ ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದರು. ಅಕ್ಟೋಬರಿನ ಕೊನೆಯ ಮಿಡ್-ಟರ್ಮ್ ರಜೆಗೆ ಎರಡು ದಿನ ಆಚೆ ಈಚೆ ಸೇರಿಸಿ, ನಾಲ್ಕೂ ಜನ ಒಂಬತ್ತು ದಿನಕ್ಕೆ ಕೊರಿಯಾ ನೋಡಿಬರುವುದೆಂದಾಯಿತು. ಅತ್ತೆಯವರ ವೀಸಾ ಕಾಗದಗಳ ಕಥೆಯನ್ನು ಬೇರೆಯಾಗಿಯೇ ಬರೆಯಬೇಕು, ಅದು ಇಲ್ಲಿ ಬೇಡ.

ನಮ್ಮದು ಸಸ್ಯಾಹಾರದ ಮನೆ. ಅತ್ತೆಯವರಿಗೆ ಮೊಣಕಾಲು ನೋವು ಬೇರೆ. ಹಾಗಾಗಿ ದೊಡ್ಡ ಬಸ್ಸಿನ ಗುಂಪಿನಲ್ಲಿ ಹೋಗುವುದು ಬೇಡವೆಂದು ಸಣ್ಣ ಟೂರ್ ಕಂಪನಿಯೊಂದರಲ್ಲಿ ವ್ಯಾನು ಹೇಳಿದ್ದೆವು. ವ್ಯಾನು ಓಡಿಸುವವರೂ ಅವರೇ, ಊರು ತೋರಿಸುವವರೂ ಅವರೇ. ಸಿಯೋಲ್ ಏರ್‌ಪೋರ್ಟಿನಲ್ಲಿ ನಮ್ಮ ಹೆಸರಿನ ಬೋರ್ಡು ಹಿಡಿದು ನಿಂತಿದ್ದವರನ್ನು ನೋಡಿ ನಮ್ಮ ಮನೆಯವರು ಸಣ್ಣಗೆ ನನ್ನ ಕಡೆ ತಿರುಗಿ, "ಇಷ್ಟು ವಯಸ್ಸಾದವ್ರಾ?" ಎಂದರು. ಎಪ್ಪತ್ತರ ಆಸುಪಾಸು. ತೆಳ್ಳಗೆ, ನೆಟ್ಟಗೆ ಇದ್ದರು. ಇಸ್ತ್ರಿ ಮಾಡಿದ ಬೂದು ಬಣ್ಣದ ಕೋಟು, ಕಂಕುಳಲ್ಲಿ ಮಡಿಸಿದ ಕಪ್ಪು ಛತ್ರಿ. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರೆಂದು ವ್ಯಾನು ಹತ್ತಿದ ಮೇಲೆ ತಿಳಿಯಿತು. ಪುಸ್ತಕ ಓದಿ ಕಲಿತ ಇಂಗ್ಲಿಷು. ಒಂದೊಂದು ಪದವನ್ನೂ ಕೆಳಗೆ ಇಟ್ಟು, ಅದು ನೆಟ್ಟಗೆ ನಿಂತಿತೇ ಎಂದು ನೋಡಿ, ಮುಂದಿನದನ್ನು ಎತ್ತಿಕೊಳ್ಳುತ್ತಿದ್ದರು. ಯಾವುದೇ ಜಾಗಕ್ಕೆ ಹೋದರೂ ಮೊದಲು ಛತ್ರಿಯ ತುದಿಯಿಂದ ಮಣ್ಣಿನಲ್ಲಿ ನಕ್ಷೆ ಬರೆಯುತ್ತಿದ್ದರು. ಬೆಟ್ಟ ಎಲ್ಲಿ, ನದಿ ಎಲ್ಲಿ, ಉತ್ತರ ಯಾವ ಕಡೆ. ಅದಾದ ಮೇಲೇ ಅರಮನೆ, ರಾಜ, ರಾಣಿ.

ಮೊದಲ ದಿನ ಅರಮನೆ ನೋಡಿದೆವು. ಅದರ ಎದುರಿನ ಅಂಗಡಿಯಲ್ಲಿ ಮಗಳು ಬಾಡಿಗೆಗೆ ಅಲ್ಲಿನ ಉದ್ದ ಲಂಗದ ಉಡುಪು ತೊಟ್ಟು ನೂರಾರು ಫೋಟೋ ತೆಗೆಸಿಕೊಂಡಳು. ರಸ್ತೆಯ ಎರಡೂ ಬದಿಗೆ ಹಳದಿ ಎಲೆಯ ಮರಗಳು. ಅವುಗಳ ಹಣ್ಣು ಉದುರಿ ತುಳಿದ ಕಡೆಯಲ್ಲೆಲ್ಲ ಗಬ್ಬು ವಾಸನೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ನೋಡಕ್ಕೆ ಬಂಗಾರ, ಮೂಸಕ್ಕೆ ಬೇಡ" ಎಂದರು. ಮಧ್ಯಾಹ್ನದ ಊಟಕ್ಕೆ ಮೇಷ್ಟ್ರು ಒಂದು ಓಣಿಯೊಳಗಿನ ಮನೆಯಂಥ ಹೋಟೆಲಿಗೆ ಕರೆದುಕೊಂಡು ಹೋದರು. ಬೌದ್ಧ ಭಿಕ್ಷುಗಳು ಉಣ್ಣುವಂಥ ಅಡುಗೆಯಂತೆ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹೊಸ್ತಿಲ ಬಳಿ ಶೂ ಬಿಚ್ಚಿ, ಮರದ ಜಗುಲಿ ಹತ್ತಿ, ಬೆಚ್ಚಗಿನ ನೆಲದ ಮೇಲೆ ಕೂರಬೇಕು.

ಊಟ ಮುಗಿಸಿ ಹೊರಗೆ ಬಂದಾಗ ನೋಡಿದರೆ ಮೇಷ್ಟ್ರು ನಮಗಿಂತ ಮುಂಚೆ ಎದ್ದು ಹೋಗಿ, ಜಗುಲಿಯ ಕೆಳಗೆ ಬಗ್ಗಿಕೊಂಡು, ನಮ್ಮ ನಾಲ್ಕು ಜೊತೆ ಶೂಗಳನ್ನೂ ಒಂದೊಂದಾಗಿ ಎತ್ತಿ ತಿರುಗಿಸಿ, ಮೂತಿ ಹೊರಗೆ ಬರುವ ಹಾಗೆ ಸಾಲಾಗಿ ಇಡುತ್ತಿದ್ದರು. ಇಳಿದ ತಕ್ಷಣ ಕಾಲು ತೂರಿಸಿಕೊಂಡು ಹಾಗೇ ಮುಂದೆ ನಡೆಯಬಹುದು. ಅವರ ಕೈಯಲ್ಲಿದ್ದದ್ದು ಅತ್ತೆಯವರ ಶೂ.

"ಅಯ್ಯೋ ಅಯ್ಯೋ, ಏನ್ರೀ ಮೇಷ್ಟ್ರೇ ಇದು! ಬಿಡಿ, ಬಿಡಿ ಅಂದ್ರೆ!" ಎಂದು ಅತ್ತೆ ಮೊಣಕಾಲು ನೋವನ್ನೂ ಮರೆತು ಇಳಿದರು. ಅವರ ಕೈಯನ್ನು ಬೆರಳಿಂದ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡರು. ನಮ್ಮ ಕಾಲು ಯಾರಿಗಾದರೂ ತಾಗಿದರೆ ಮಾಡುವ ಹಾಗೆ. ಮೇಷ್ಟ್ರು ಗಾಬರಿಯಾದರು. ಅತ್ತೆಯವರ ಕಣ್ಣಿಗೆ ಕಸ ಬಿತ್ತೆಂದುಕೊಂಡು ಕೋಟಿನ ಜೇಬಿನಿಂದ ಟಿಶ್ಯೂ ತೆಗೆದು ಮುಂದೆ ಹಿಡಿದರು. ಮಗಳು ನಕ್ಕು ನಕ್ಕು ಜಗುಲಿಯ ಮೇಲೇ ಕೂತಳು.

ನಗು ಅಲ್ಲಿಗೆ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಅತ್ತೆ ತಮ್ಮ ಕೈಚೀಲದಲ್ಲಿ, ಲೀಕ್ಸ್‌ಲಿಪ್‌ನ ಸೂಪರ್‌ಮಾರ್ಕೆಟ್ಟಿನ ಗಟ್ಟಿ ಪ್ಲಾಸ್ಟಿಕ್ ಚೀಲವೊಂದನ್ನು ಮಡಿಸಿ ಇಟ್ಟುಕೊಂಡರು. ನಮ್ಮಲ್ಲಿ ದೇವಸ್ಥಾನಕ್ಕೆ ಹೋದಾಗ ಹೊಸ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ಕಂಕುಳಲ್ಲಿ ಇಟ್ಟುಕೊಳ್ಳುವವರು ಇರುತ್ತಾರಲ್ಲ, ಹಾಗೆ. ಊರ ನಡುವಿನ ಬೌದ್ಧ ದೇವಾಲಯದಲ್ಲಿ ಎಲ್ಲರ ಶೂಗಳನ್ನೂ ಅದಕ್ಕೆ ತುಂಬಿ, ಬಾಯಿ ಗಂಟು ಹಾಕಿ ನನ್ನ ಕೈಗೆ ಕೊಟ್ಟರು. "ಹಿಡ್ಕೋ. ಅವ್ರ ಕೈಗೆ ಸಿಗಬಾರ್ದು. ಪಾಠ ಹೇಳೋ ಕೈಲಿ ನಮ್ಮ ಎಕ್ಕಡ ಮುಟ್ಟಿಸಿ ಆ ಪಾಪ ಎಲ್ಲಿ ಕಳ್ಕೊಳ್ಳೋದು?" ಆಮೇಲೆ ಟೀ ಅಂಗಡಿಯಲ್ಲೂ ಹಾಗೇ ಮಾಡಿದರು. ಊಟದ ಮನೆಯಲ್ಲೂ ಹಾಗೇ. ಮೇಷ್ಟ್ರು ಎಲ್ಲವನ್ನೂ ನೋಡಿದರು. ಅಂದು ಮಧ್ಯಾಹ್ನದಿಂದ ಮಣ್ಣಿನಲ್ಲಿ ನಕ್ಷೆ ಬರೆಯಲಿಲ್ಲ. "ಇದು ಗೋಪುರ. ಇದು ಗಂಟೆ." ಅಷ್ಟೇ.

ಸಂಜೆ ಹೋಟೆಲಿನ ಮುಂದೆ ಇಳಿಸುವಾಗ, ಉಳಿದವರು ಒಳಗೆ ಹೋದ ಮೇಲೆ, ನನ್ನನ್ನು ನಿಲ್ಲಿಸಿ ಕೇಳಿದರು. "ಮೇಡಂ, ನಮ್ಮ ದೇಶದಲ್ಲಿ ದೇವರ ಬಾಗಿಲಲ್ಲಿ ಯಾರೂ ಶೂ ಕದಿಯೋದಿಲ್ಲ. ಮದರ್ ಯಾಕೆ ಹೊತ್ಕೊಂಡು ಓಡಾಡ್ತಾರೆ?"

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು. ಇಲ್ಲ, ಕಳ್ಳತನದ ಭಯವಲ್ಲ, ನೀವು ಹಿರಿಯರು, ಅದರಲ್ಲೂ ಮೇಷ್ಟ್ರು, ನಮ್ಮಲ್ಲಿ ಹಿರಿಯರು ಕಿರಿಯರ ಚಪ್ಪಲಿ ಮುಟ್ಟಬಾರದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮುಖ ಸಡಿಲಾಯಿತು. ಅವರ ತಾಯಿ ಮನೆಗೆ ಬಂದವರ ಜೋಡುಗಳನ್ನೆಲ್ಲ ಹೀಗೇ ತಿರುಗಿಸಿಡುತ್ತಿದ್ದರಂತೆ. ಬಂದವರು ಒಳಗೆ ಉಣ್ಣುತ್ತಿರುವಾಗ ಆಕೆ ಹೊರಗೆ ಬಗ್ಗಿರುತ್ತಿದ್ದರಂತೆ. "ಇದು ಸೇವೆ ಅಲ್ಲ ಮೇಡಂ. ನೀವು ಸುಖವಾಗಿ ಹೋಗ್ಬೇಕು ಅಂತ ಮನೆಯವರು ಮೊದಲೇ ಯೋಚನೆ ಮಾಡಿದ್ದಾರೆ ಅಂತ ಅರ್ಥ. ನನ್ನ ಟೂರ್‌ನಲ್ಲಿ ನೀವು ನನ್ನ ಮನೆಗೆ ಬಂದಿದ್ದೀರಿ. ಶೂ ತಿರುಗಿಸದಿದ್ರೆ ಆ ದಿನ ನನಗೆ ಮುಗಿಯೋದಿಲ್ಲ."

ಇದನ್ನು ಒಳಗೆ ಹೋಗಿ ಅತ್ತೆಗೆ ಹೇಳಿದೆ. ಅವರು, "ಹಾಗಾದ್ರೆ ಮುಟ್ಕೊಳ್ಳಲಿ ಬಿಡು. ಆದ್ರೆ ನನ್ನದನ್ನ ಕೊನೇಲಿ ಮುಟ್ಟಲಿ" ಎಂದರು. ಆ ಕೊನೆಯಲ್ಲಿ ಎನ್ನುವುದರ ಲೆಕ್ಕ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ಮರುದಿನದಿಂದ ಚಟ್ನಿಪುಡಿ ಡಬ್ಬಿ, ಪುಳಿಯೋಗರೆ ಗೊಜ್ಜಿನ ಬಾಟಲಿ ಬಂದವು.

ಮೂರನೆಯ ದಿನ ಬೆಳಿಗ್ಗೆ ವ್ಯಾನು ಹತ್ತುವಾಗ ಮೇಷ್ಟ್ರು ಕಾಗದದಲ್ಲಿ ಸುತ್ತಿದ ಉದ್ದನೆಯ ಏನನ್ನೋ ಅತ್ತೆಯವರ ಕೈಗೆ ಕೊಟ್ಟರು. ಅದೇ ಈ ಶೂ ಹಾರ್ನ್. ಅತ್ತೆ ಪ್ರತಿ ಸಲ ಬಗ್ಗಿ ಹಿಮ್ಮಡಿ ಎಳೆದುಕೊಳ್ಳಲು ಪಡುತ್ತಿದ್ದ ಪಾಡನ್ನು ಅವರು ಎರಡು ದಿನದಿಂದ ನೋಡುತ್ತಿದ್ದರು. "ಹೊಸದಲ್ಲ, ಕ್ಷಮಿಸಿ" ಎಂದರು. "ಮನೆಯಲ್ಲಿ ಎರಡಿದ್ವು. ಈಗ ಒಂದು ಸಾಕು."

ಯಾಕೆ ಒಂದು ಸಾಕು ಎಂದು ನಾವು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಆಮೇಲಿನ ದಿನಗಳು ಚೆನ್ನಾಗಿದ್ದವು. ದಕ್ಷಿಣಕ್ಕೆ ಆಂದೊಂಗ್ ಕಡೆಯ ಹಳೆಯ ಹಳ್ಳಿ, ಹುಲ್ಲಿನ ದೊಡ್ಡ ದೊಡ್ಡ ದಿಬ್ಬಗಳಂಥ ರಾಜರ ಸಮಾಧಿಗಳಿರುವ ಗ್ಯೊಂಗ್‌ಜು, ಕೊನೆಗೆ ಬುಸಾನಿನ ಕಡಲು. ಆ ದಿಬ್ಬಗಳನ್ನು ನೋಡಿ ಮಗಳು, "ಇದು ನಮ್ಮ ಮೀಥ್ ಕಡೆಯ ಸಮಾಧಿ ಥರಾನೇ ಇದೆ" ಎಂದಳು, ಇಂಗ್ಲಿಷಿನಲ್ಲೇ. ಮೀಥ್ ನಮ್ಮ ಪಕ್ಕದ ಜಿಲ್ಲೆ, ಅಲ್ಲೂ ಇಂಥ ಹುಲ್ಲಿನ ದಿಬ್ಬದ ಹಳೆಯ ಸಮಾಧಿಗಳಿವೆ. ಮೇಷ್ಟ್ರಿಗೆ ಆದ ಸಂತೋಷ ಹೇಳತೀರದು. ತಕ್ಷಣ ಛತ್ರಿ ತೆಗೆದು ಅವಳ ಕೈಗೇ ಕೊಟ್ಟು, ಐರ್ಲೆಂಡಿನ ನಕ್ಷೆ ಬರೆ ಎಂದರು. ಅವಳು ಬರೆದದ್ದು ಆಲೂಗಡ್ಡೆಯ ಹಾಗಿತ್ತು. ಅವರು ಅದರ ಪಶ್ಚಿಮದ ಅಂಚನ್ನು ಮೆಲ್ಲಗೆ ಒಡೆದು ಒಡೆದು ಸರಿಮಾಡಿ, "ಇಲ್ಲಿ ಗಾಳಿ ಜಾಸ್ತಿ, ಅಲ್ವಾ?" ಎಂದು ಕೇಳಿದರು. ಐರ್ಲೆಂಡನ್ನು ಅವರು ಎಂದೂ ನೋಡಿದವರಲ್ಲ.

ಊಟದ ಪಾಡು ದಿನವೂ ಇದ್ದೇ ಇತ್ತು. ತರಕಾರಿ ಸಾರು ಅಂದರೂ ಒಳಗೆ ಮೀನಿನ ನೀರು ಇರುತ್ತಿತ್ತು. ಮೇಷ್ಟ್ರು ಪ್ರತಿ ಅಡುಗೆಮನೆಯೊಳಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆಸಿ ನೋಡಿ ಬರುತ್ತಿದ್ದರು. ಯಾವುದೂ ಸರಿಹೋಗದ ದಿನ ರಸ್ತೆ ಬದಿಯ ಅಂಗಡಿಯಲ್ಲಿ ಬಿಸಿ ಮಾಡಿದ ಅನ್ನದ ಡಬ್ಬಿಗಳನ್ನು ಕೊಂಡು, ವ್ಯಾನಿನ ಹಿಂಬಾಗಿಲು ತೆರೆದು, ಅಲ್ಲೇ ನಮ್ಮ ಪಂಕ್ತಿ. ಅತ್ತೆ ಅವರಿಗೂ ಚಟ್ನಿಪುಡಿ ಹಾಕಿದರು. ಅವರು ತಮ್ಮ ಚೀಲದಿಂದ ಎಳ್ಳೆಣ್ಣೆಯ ಸಣ್ಣ ಬಾಟಲಿ ತೆಗೆದು ಎರಡು ಹನಿ ಬಿಟ್ಟು, ಅಗುಳು ಒಡೆಯದ ಹಾಗೆ ನಿಧಾನವಾಗಿ ಕಲಸಿದರು.

"ನೋಡೇ, ಎಷ್ಟು ಚೆನ್ನಾಗಿ ಕಲಸ್ತಾರೆ. ನನ್ನ ಮಗನಿಗೆ ತಲೆ ನೆರೆತರೂ ಅನ್ನ ಕಲಸಕ್ಕೆ ಬರ್ಲಿಲ್ಲ."

"ಅಮ್ಮಾ, ನಾನಿಲ್ಲೇ ಇದೀನಿ."

"ಇದೀಯ ಅಂತಾನೇ ಹೇಳಿದ್ದು."

ಮೇಷ್ಟ್ರಿಗೆ ಮಾತು ಅರ್ಥವಾಗಲಿಲ್ಲ, ಧಾಟಿ ಅರ್ಥವಾಗಿರಬೇಕು. ತಲೆ ತಗ್ಗಿಸಿ ನಕ್ಕರು. ಅತ್ತೆಯೂ ಅವರೂ ತಂತಮ್ಮ ಭಾಷೆಯಲ್ಲೇ ಗಂಟೆಗಟ್ಟಲೆ ಮಾತಾಡಿಕೊಳ್ಳುತ್ತಿದ್ದರು. ಕಡಲಕಳೆಯ ಕಪ್ಪು ಹಾಳೆ ಕೊಟ್ಟಾಗ ಅತ್ತೆ ಬೆಳಕಿಗೆ ಹಿಡಿದು, "ಇದು ಮೀನಲ್ಲ ತಾನೇ ಮೇಷ್ಟ್ರೇ? ನನ್ನಾಣೆ?" ಎಂದು ಕೇಳಿದರು. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಕೊರಿಯನ್ ಭಾಷೆಯಲ್ಲಿ ಏನೋ ಪ್ರಮಾಣ ಮಾಡಿದರು. ಅತ್ತೆ ತಿಂದರು.

ನನಗೆ ದಿನವೂ ಬರೆದಿಡುವ ಚಾಳಿ. ಏನು ತಿಂದೆವು, ಎಷ್ಟು ಮೆಟ್ಟಿಲು ಹತ್ತಿದೆವು, ಯಾರು ಏನು ಅಂದರು, ಎಲ್ಲ. ಹೈಸ್ಕೂಲಿನಿಂದ ಬಂದ ಅಭ್ಯಾಸ. ವ್ಯಾನಿನಲ್ಲಿ ಕೂತು ಬರೆಯುತ್ತಿದ್ದರೆ ಮೇಷ್ಟ್ರು ಕನ್ನಡಿಯಲ್ಲಿ ನೋಡುತ್ತಿದ್ದರು. ಒಂದು ದಿನ ಹೇಳಿದರು. ಅವರ ವಯಸ್ಸಿನವರನ್ನು ಕಂಪನಿ ಒಂದೊಂದು ಋತುವಿಗೆ ಮಾತ್ರ ಇಟ್ಟುಕೊಳ್ಳುತ್ತದಂತೆ. ಬಂದವರು ಬರೆದದ್ದನ್ನು ಓದಿ, ಮುಂದಿನ ವಸಂತಕ್ಕೆ ಕರೆಯಬೇಕೇ ಬೇಡವೇ ಎಂದು ನೋಡುತ್ತಾರಂತೆ. "ಹೂವಿನ ಕಾಲ ಇನ್ನೊಂದು ಸಲ ಮಾಡ್ಬೇಕು ಅಂತ ಆಸೆ. ಮನೆಯಲ್ಲಿ ಮಾತಾಡೋದು ಟಿವಿ ಒಂದೇ. ನೀವು ಚೆನ್ನಾಗಿ ಬರೀತೀರಿ ಅಂತ ಕಾಣುತ್ತೆ. ನನಗೂ ಒಂದು ಪುಟ ಬರೀರಿ."

ಒಂದಲ್ಲ, ಎರಡು ಪುಟ ಬರೆಯುತ್ತೇನೆ ಎಂದೆ.

ಆರನೆಯ ದಿನ ಗ್ಯೊಂಗ್‌ಜುವಿನ ಬೆಟ್ಟದ ದೇವಾಲಯ. ಅಂದು ಜನ ಜಾಸ್ತಿ. ಪಕ್ಕದ ಪ್ರಾರ್ಥನಾ ಮಂದಿರದ ಕಲ್ಲಿನ ಮೆಟ್ಟಿಲ ಮೇಲೆ ಶೂಗಳ ರಾಶಿ. ನಾನು ಉಳಿದವರಿಗಿಂತ ಸ್ವಲ್ಪ ಮುಂಚೆ ಹೊರಗೆ ಬಂದೆ. ಮೇಷ್ಟ್ರು ಬಗ್ಗಿ ನಮ್ಮ ಶೂಗಳನ್ನು ತಿರುಗಿಸಿ ಮುಗಿಸಿದ್ದರು, ಆದರೆ ಏಳಲಿಲ್ಲ. ಒಂದು ಕೈಯಲ್ಲಿ ಕೆಂಪು ಕಂಬವನ್ನು ಹಿಡಿದು, ಇನ್ನೊಂದು ಕೈಯನ್ನು ಸೊಂಟಕ್ಕೆ ಒತ್ತಿಕೊಂಡು ಹಾಗೇ ಅರ್ಧ ಬಗ್ಗಿ ನಿಂತಿದ್ದರು. ಉಸಿರು ಹಿಡಿದ ಹಾಗಿತ್ತು. ಎಷ್ಟು ಹೊತ್ತೋ... ಒಂದು ನಿಮಿಷ ಇರಬಹುದು. ಆಮೇಲೆ ಮೆಲ್ಲಗೆ ನೆಟ್ಟಗಾದರು. ನಾನು ನೋಡಿದ್ದನ್ನು ನೋಡಿದರು.

"ಮೇಡಂ," ಎಂದು ನಕ್ಕು, ನನ್ನ ಕೈಯಲ್ಲಿದ್ದ ನೋಟ್‌ಬುಕ್ಕಿನ ಕಡೆಗೆ ಛತ್ರಿ ತೋರಿಸಿದರು. "ಇದು ಆ ಪುಸ್ತಕದಲ್ಲಿ ಬೇಡ."

ತಮಾಷೆಗೆ ಹೇಳಿದರೆಂದುಕೊಂಡೆ. ನಾನೂ ನಕ್ಕೆ. ಅಂದು ಸಂಜೆ ಬರೆದೇಬಿಟ್ಟೆ. ಬರೆಯದೆ ಬಿಟ್ಟು ಗೊತ್ತಿರಲಿಲ್ಲ.

ಒಂಬತ್ತನೆಯ ದಿನ ಏರ್‌ಪೋರ್ಟಿನಲ್ಲಿ ಬೀಳ್ಕೊಟ್ಟರು. ಅತ್ತೆ ಕೈಮುಗಿದರು, ಅವರು ಸೊಂಟ ಬಗ್ಗಿಸಿ ನಮಸ್ಕರಿಸಿದರು, ಅತ್ತೆ ಇನ್ನೊಂದು ಸಲ ಕೈಮುಗಿದರು, ಅವರು ಇನ್ನೂ ಒಂದು ಸಲ ಬಗ್ಗಿದರು. ನಮ್ಮ ಮನೆಯವರು ನಡುವೆ ನಿಂತು ಅಮ್ಮನ ಭುಜ ಹಿಡಿದು ತಿರುಗಿಸದೆ ಹೋಗಿದ್ದರೆ ವಿಮಾನ ತಪ್ಪುತ್ತಿತ್ತು. ಸೆಕ್ಯೂರಿಟಿಯಲ್ಲಿ ಶೂ ಬಿಚ್ಚಿ ಟ್ರೇನಲ್ಲಿ ಹಾಕಿ ಆಚೆ ಕಡೆ ಎತ್ತಿಕೊಳ್ಳುವಾಗ ಒಂದು ಬೋರಲಾಗಿ, ಒಂದು ಅಡ್ಡಡ್ಡ ಬಿದ್ದಿತ್ತು. "ಮೇಷ್ಟ್ರಿಲ್ಲದೆ ನಮ್ಮ ಗತಿ ನೋಡು" ಎಂದರು ಅತ್ತೆ.

ವಾಪಸು ಬಂದ ವಾರಕ್ಕೆ ಕಂಪನಿಯ ಇಮೇಲ್ ಬಂತು. ಹೋಟೆಲಿಗೆ ಎಷ್ಟು ಸ್ಟಾರು, ಊಟಕ್ಕೆ ಎಷ್ಟು, ವಾಹನಕ್ಕೆ ಎಷ್ಟು, ಗೈಡ್‌ಗೆ ಎಷ್ಟು. ಎಲ್ಲಕ್ಕೂ ಐದೈದು ಒತ್ತಿದೆ. ಮೇಷ್ಟ್ರ ಬಗ್ಗೆ ಕೊಟ್ಟ ಮಾತಿನಂತೆ ಎರಡು ಪುಟ ಆಗುವಷ್ಟು ಬರೆದೆ. ನಕ್ಷೆ, ಛತ್ರಿ, ಪಾತ್ರೆಯ ಮುಚ್ಚಳ, ಎಳ್ಳೆಣ್ಣೆ, ಯಾವುದನ್ನೂ ಬಿಡಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ನೋಟ್‌ಬುಕ್ ತೆರೆದಿಟ್ಟುಕೊಂಡು ಎರಡು ದಿನ ಕೂತೆ. "ಐದು ಸ್ಟಾರ್ ಒತ್ತಾಯ್ತಲ್ಲ, ಇನ್ನೇನು ಕಾದಂಬರಿ ಬರೀತಿದೀಯ?" ಎಂದರು ಇವರು.

ಕೊನೆಯಲ್ಲಿ ಒಂದು ಚೌಕ ಖಾಲಿ ಇತ್ತು. ನಾವು ಇನ್ನೂ ಸುಧಾರಿಸಿಕೊಳ್ಳಬೇಕಾದದ್ದು ಏನಾದರೂ ಇದೆಯೇ, ಎಂದು. ಖಾಲಿ ಬಿಟ್ಟರೆ ಚೆನ್ನಾಗಿರುವುದಿಲ್ಲ ಎನ್ನಿಸಿತು. ಯಾರಾದರೂ ಕೇಳಿದ ಮೇಲೆ ಏನಾದರೂ ಹೇಳಬೇಕು, ಅದು ಮರ್ಯಾದೆ. ಹೀಗೆ ಬರೆದೆ. ನಿಮ್ಮ ಗೈಡ್ ನಮ್ಮ ತಂದೆಯ ವಯಸ್ಸಿನವರು. ನಮ್ಮ ಶೂಗಳನ್ನು ತಿರುಗಿಸಿಡಲು ದಿನಕ್ಕೆ ಎಷ್ಟೋ ಸಲ ಬಗ್ಗುತ್ತಾರೆ. ಆರನೆಯ ದಿನ ಬೆಟ್ಟದ ದೇವಾಲಯದಲ್ಲಿ ಕಂಬ ಹಿಡಿದು ಒಂದು ನಿಮಿಷ ನೆಟ್ಟಗಾಗಲು ಆಗಲಿಲ್ಲ. ಅವರು ತಾವಾಗಿ ಹೇಳಿಕೊಳ್ಳುವವರಲ್ಲ. ಅವರಿಗೆ ಒಂದು ಪುಟ್ಟ ಮಡಿಸುವ ಸ್ಟೂಲು ಕೊಟ್ಟರೆ ಒಳ್ಳೆಯದು. ಅಂಥ ಹಿರಿಯರ ಕೈಯಲ್ಲಿ ಈ ಕೆಲಸ ಮಾಡಿಸುವುದು ನಮ್ಮ ಮನಸ್ಸಿಗೆ ಭಾರವಾಯಿತು.

ಕಳಿಸಿ, ಪಾತ್ರೆ ತೊಳೆಯಲು ಎದ್ದೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನವಿತ್ತು.

ಮುಂದಿನ ವರ್ಷ, ಕಾರ್ಕ್‌ನ ಡಗ್ಲಸ್‌ನಲ್ಲಿರುವ ನನ್ನ ಗೆಳತಿಯ ಮನೆಯವರು ಕೊರಿಯಾಕ್ಕೆ ಹೊರಟರು. ನಾನೇ ಆ ಕಂಪನಿಯ ವಿಳಾಸ ಕೊಟ್ಟು, ಮೇಷ್ಟ್ರನ್ನೇ ಕೇಳಿ, ಬೇರೆ ಯಾರನ್ನೂ ಒಪ್ಪಬೇಡಿ ಎಂದು ಹೇಳಿದ್ದೆ. ಒಂದು ಬೆಳಿಗ್ಗೆ ಫೋನ್ ಮಾಡಿದಳು.

"ಏ, ನಿಮ್ಮ ಮೇಷ್ಟ್ರು ಸಿಗಲ್ವಂತೆ ಕಣೇ. ಅವ್ರನ್ನ ಈಗ ಟೂರ್‌ಗೆ ಕಳಿಸಲ್ವಂತೆ."

"ಯಾಕಂತೆ? ಹುಷಾರಿಲ್ವಂತಾ?"

"ಅವ್ರೇನೋ ಚೆನ್ನಾಗೇ ಇದ್ದಾರಂತೆ. ಹೋದ ವರ್ಷ ಯಾರೋ ಗೆಸ್ಟು, ಪಾಪ ವಯಸ್ಸಾದವ್ರು, ಬಗ್ಗಕ್ಕಾಗಲ್ಲ, ಕಂಬ ಹಿಡ್ಕೊಂಡು ನಿಂತಿದ್ರು ಅಂತ ಕಾಳಜಿಯಿಂದ ಬರೆದ್ರಂತೆ. ಅದಕ್ಕೆ ಕಂಪನಿಯವ್ರು ರೆಸ್ಟ್ ಕೊಟ್ಟಿದ್ದಾರಂತೆ. ಯಾರೋ ಪುಣ್ಯಾತ್ಗಿತ್ತಿ ನೋಡು, ಬರೆಯೋಕೆ ಬೇರೇನೂ ಸಿಗ್ಲಿಲ್ವೇನೋ!"

"ಹೂಂ" ಎಂದೆ. ಒಲೆಯ ಮೇಲೆ ಹಾಲಿತ್ತು. ಉಕ್ಕಿ ಹರಿದದ್ದು ನನಗೆ ಕಾಣಲಿಲ್ಲ, ವಾಸನೆ ಬಂದಾಗಲೇ ತಿಳಿದದ್ದು.

ಸಂಜೆ ಇವರಿಗೆ ಹೇಳಿದೆ. "ನೀನು ಸುಳ್ಳೇನೂ ಬರೀಲಿಲ್ವಲ್ಲ" ಎಂದರು ಸಮಾಧಾನಕ್ಕೆ. ನಿಜವೇ. ಸುಳ್ಳು ಬರೆದಿದ್ದರೆ ಅಳಿಸಬಹುದಿತ್ತು. ಮಗಳು ಮಾತ್ರ ಊಟ ನಿಲ್ಲಿಸಿ ನನ್ನನ್ನೇ ನೋಡಿದಳು. "ಬಟ್ ಅಮ್ಮಾ, ಹೀ ಆಸ್ಕ್‌ಡ್ ಯೂ ನಾಟ್ ಟು" ಎಂದಳು. ಅವರು ಬೇಡವೆಂದದ್ದನ್ನು ನಾನೇ ಅಂದು ಅವಳಿಗೆ ನಗುತ್ತಾ ಹೇಳಿದ್ದೆ.

ಕಂಪನಿಗೆ ಬರೆದೆ. ನಾನು ಕೇಳಿದ್ದು ಸ್ಟೂಲು, ಅವರನ್ನು ನಿಲ್ಲಿಸಿ ಎಂದಲ್ಲ. ದಯವಿಟ್ಟು ಅವರನ್ನು ಮತ್ತೆ ಕರೆಯಿರಿ. ಎರಡೇ ದಿನಕ್ಕೆ ಬಹಳ ವಿನಯದ ಉತ್ತರ ಬಂತು. ನಿಮ್ಮ ಕಾಳಜಿಗೆ ಋಣಿಗಳು, ನಾವೂ ಹಿರಿಯರನ್ನು ಗೌರವಿಸುವವರು, ಅವರ ಆರೋಗ್ಯವೇ ನಮಗೆ ಮುಖ್ಯ. ಇನ್ನೊಂದು ಸಲ ಬರೆದೆ. ಅದೇ ಉತ್ತರ, ಅದೇ ವಿನಯ. ಅವರನ್ನು ದೂರುವುದಕ್ಕೂ ಏನಿತ್ತು? ನಾನು ಕಳಿಸಿದ್ದನ್ನೇ ಓದಿದ್ದರು.

ಶೂ ಹಾರ್ನ್ ಸುತ್ತಿ ಕೊಟ್ಟ ಕಾಗದವನ್ನು ನಾನು ಎತ್ತಿಟ್ಟಿದ್ದೆ. ಅದು ಅವರ ಮನೆಗೆ ಬಂದ ಯಾವುದೋ ದೊಡ್ಡ ಲಕೋಟೆ, ಮೇಲೆ ವಿಳಾಸವಿತ್ತು. ರಂಗೋಲಿ ನೋಡಿ ಬರೆಯುವ ಹಾಗೆ ಒಂದೊಂದು ಅಕ್ಷರವನ್ನೂ ನೋಡಿಕೊಂಡು ನನ್ನ ಲಕೋಟೆಯ ಮೇಲೆ ಬರೆದೆ. ಪತ್ರದಲ್ಲಿ ಎಲ್ಲ ಹೇಳಿಕೊಂಡೆ. ಬರೆದವಳು ನಾನೇ ಎಂದು ಮೊದಲ ಸಾಲಿನಲ್ಲೇ ಬರೆದೆ. ಪೋಸ್ಟ್ ಆಫೀಸಿನಲ್ಲಿ ಕೊಟ್ಟು ಬಂದ ಮೇಲೆ ದಿನವೂ ಬಾಗಿಲ ಕಿಂಡಿಯಿಂದ ಕಾಗದ ಬೀಳುವ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದೆ.

ಒಂದೂವರೆ ತಿಂಗಳಿಗೆ ಕಾರ್ಡು ಬಂತು. ಚೆರ್ರಿ ಹೂವಿನ ಚಿತ್ರ. ಹಿಂದೆ ಅದೇ ಇಂಗ್ಲಿಷು, ಒಂದೊಂದು ಪದವನ್ನೂ ಇಟ್ಟು ಇಟ್ಟು ಬರೆದದ್ದು. ಮದರ್ ಅವರ ಮೊಣಕಾಲು ಹೇಗಿದೆ? ಮಗಳು ನಕ್ಷೆ ಬರೆಯುವುದನ್ನು ಅಭ್ಯಾಸ ಮಾಡಲಿ. ಈ ವರ್ಷ ಹೂವು ಬೇಗ ಬಂತು. ನಾನು ಚೆನ್ನಾಗಿದ್ದೇನೆ. ಟಿವಿಯಲ್ಲಿ ಈಗ ಬಹಳ ಚಾನೆಲ್‌ಗಳಿವೆ.

ಅಷ್ಟೇ. ಶೂ ವಿಷಯವಿಲ್ಲ, ಕಂಬದ ವಿಷಯವಿಲ್ಲ. ಕ್ಷಮಿಸಿದೆ ಎಂದೂ ಇಲ್ಲ, ಯಾಕೆ ಬರೆದಿರಿ ಎಂದೂ ಇಲ್ಲ. ಆ ಕಾರ್ಡನ್ನು ನಾನು ಎಷ್ಟು ಸಲ ಓದಿದ್ದೇನೋ... ಕೊನೆಯ ಸಾಲಿಗೆ ಬಂದಾಗ ಪ್ರತಿ ಸಲವೂ ನಿಲ್ಲುತ್ತೇನೆ.

ಅದರ ಮುಂದಿನ ವರ್ಷ ಹೊಸ ವರ್ಷಕ್ಕೆ ನಾನು ಕಳಿಸಿದ ಕಾರ್ಡು ಮೇಲೆ ಏನೋ ಮೊಹರು ಹೊತ್ತು ವಾಪಸು ಬಂತು. ಮೊಹರಿನ ಫೋಟೋ ತೆಗೆದು ಇವರ ಆಫೀಸಿನ ಕೊರಿಯಾದ ಸಹೋದ್ಯೋಗಿಗೆ ತೋರಿಸಿದೆವು. ಆ ವಿಳಾಸದಲ್ಲಿ ಆ ಹೆಸರಿನವರು ಈಗ ಇಲ್ಲ ಎಂದಿದೆ, ಅಷ್ಟೇ ಎಂದರು. ಮನೆ ಬದಲಿಸಿದರೋ, ಮಕ್ಕಳ ಮನೆಗೆ ಹೋದರೋ... ಕಂಪನಿಯವರನ್ನು ಕೇಳಿದರೆ ತಿಳಿಯುತ್ತಿತ್ತೇನೋ. ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ ಎಂದೇ ಬರೆಯುವುದು ಸರಿ.

ಅತ್ತೆ ಈಗ ಮೈಸೂರಿನಲ್ಲೇ ಇದ್ದಾರೆ, ವಿಮಾನದ ಪ್ರಯಾಣ ಇನ್ನು ಆಗುವುದಿಲ್ಲ. ಶೂ ಹಾರ್ನ್ ಒಯ್ಯಿರಿ ಎಂದರೆ, "ಅಲ್ಲಿ ನಾನೆಲ್ಲಿ ಶೂ ಹಾಕ್ತೀನಿ, ನಿಮ್ಮನೇಲೇ ಇರ್ಲಿ" ಎಂದು ಬಿಟ್ಟುಹೋದರು. ವಿಡಿಯೋ ಕಾಲ್‌ನಲ್ಲಿ ಆಗೊಮ್ಮೆ ಈಗೊಮ್ಮೆ ಕೇಳುತ್ತಾರೆ. "ಮೇಷ್ಟ್ರು ಹೇಗಿದ್ದಾರಂತೆ? ಈಗಲೂ ಎಲ್ಲರ ಎಕ್ಕಡ ತಿರುಗಿಸ್ತಾರಂತಾ?" ನಾನು, "ಹೂಂ ಅತ್ತೆ, ಚೆನ್ನಾಗಿದ್ದಾರಂತೆ" ಎನ್ನುತ್ತೇನೆ. ಸ್ಲೈಗೋದಲ್ಲಿ ಓದುತ್ತಿರುವ ಮಗಳು ರಜೆಗೆ ಬಂದಿದ್ದಾಗ ಒಮ್ಮೆ ಈ ಮಾತು ಕೇಳಿಸಿಕೊಂಡಳು. ಅಂದು ಮನೆಗೆ ಬಂದಿದ್ದ ಅವಳ ಗೆಳತಿಯರು ಹೊರಡುವ ಹೊತ್ತಿಗೆ ಹಾಲ್‌ನಲ್ಲಿ ಆರು ಜೊತೆ ಶೂಗಳು ಬಾಗಿಲಿಗೆ ಮುಖ ಮಾಡಿ ಸಾಲಾಗಿ ನಿಂತಿದ್ದವು. ನಾನು ಇಟ್ಟದ್ದಲ್ಲ.

ಬಾಯ್ಲರಿನವರು ಹೋದ ಸ್ವಲ್ಪ ಹೊತ್ತಿಗೆ ಫೋನಿಗೆ ಮೆಸೇಜು ಬಂತು. ಇಂದು ಬಂದಿದ್ದ ನಮ್ಮ ಸಿಬ್ಬಂದಿಯ ಕೆಲಸ ಹೇಗಿತ್ತು? ಕೆಳಗೆ ಐದು ಸ್ಟಾರು, ಅದರ ಕೆಳಗೆ ಒಂದು ಖಾಲಿ ಚೌಕ. ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲೂರಿದ್ದವರು ಏಳುವಾಗ ಕಟ್ಟೆಯ ಅಂಚು ಹಿಡಿದು, ಒಂದು ಸಲ ಆಗದೆ, ಇನ್ನೊಂದು ಸಲ ಪ್ರಯತ್ನ ಮಾಡಿ ಎದ್ದಿದ್ದರು. ಅದನ್ನು ನಾನು ನೋಡಿದ್ದೆ.

ಐದನೆಯ ಸ್ಟಾರಿನ ಮೇಲೆ ಬೆರಳೊತ್ತಿದೆ. ಚೌಕವನ್ನು ಖಾಲಿ ಬಿಟ್ಟು ಕಳಿಸಿದೆ. ಆಮೇಲೆ ಹಾಲ್‌ಗೆ ಹೋಗಿ ಶೂ ಹಾರ್ನನ್ನು ಕೊಕ್ಕೆಗೆ ಹಾಕಿದೆ.